ಪರದೇಶದ ಪೇಟೆಗೆ ಹೋದ ಕಡಲ ಮೀನು

"ಗುರುಗಳೇ, ಒಳ್ಳೆಯದೊಂದನ್ನು ಜನರ ಮನಸ್ಸಿಗೆ ಮುಟ್ಟಿಸುವುದಕ್ಕಾಗಿ ಅದರ ಕುಂದನ್ನು ಹೇಳದೆ ಬಿಟ್ಟರೆ ಅದು ಸುಳ್ಳಾಗುತ್ತದೆಯೇ?"

ಹೀಗೆ ಕೇಳಿದವನು ದೇಜಪ್ಪ. ಕೇಳಿಸಿಕೊಂಡವರು ಕಡಲ ದಂಡೆಯ ಭಜನಾ ಮಂದಿರದ ಗುರುಗಳು.

ಕುಡಿತ ಬಿಡಬೇಕೆಂದು ಬಂದವರನ್ನು ಗುರುಗಳು ಮಂದಿರದಲ್ಲಿ ಇರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಭಜನೆ, ಹಗಲು ಬಲೆಯ ಕೆಲಸ, ಸಂಜೆ ಮತ್ತೆ ಭಜನೆ. ಬೇರೆ ಮದ್ದು ಇರಲಿಲ್ಲ. ದೇಜಪ್ಪನೂ ಏಳು ವರ್ಷದ ಹಿಂದೆ ಹಾಗೆ ಬಂದವನೇ. ಅಂದು ಬರುವುದಿಲ್ಲವೆಂದು ಹಟ ಹಿಡಿದಿದ್ದ. "ಅಂಥ ಗುರುಗಳ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ?" ಎಂದಿದ್ದ. ಆಗ ಅವನ ಅಕ್ಕ, "ಹೋಗು ಮಾರಾಯ, ಅವರೂ ಹತ್ತು ವರ್ಷ ನಿನ್ನ ಹಾಗೆಯೇ ಕುಡಿದು ಹೊಯಿಗೆಯ ಮೇಲೆ ಬಿದ್ದಿದ್ದವರು" ಎಂದಳು. ಆ ಒಂದು ಮಾತಿಗೆ ಅವನು ಎದ್ದು ಬಂದಿದ್ದ.

ಈಗ ಅವನು ಮುಂಬಯಿಗೆ ಹೊರಟಿದ್ದ. ಅಲ್ಲಿ ನೆಲೆಸಿದ ಊರವರು ಒಂದು ಸಭೆ ಕರೆದಿದ್ದರು. ಅವರ ಮನೆಗಳಲ್ಲಿಯೂ ಕುಡಿತಕ್ಕೆ ಬಿದ್ದವರು ಇದ್ದರು. ಗುರುಗಳು ಎಂಥವರು ಎಂದು ತಿಳಿದರೆ ಕುಡಿಯುವವರನ್ನು ಇಲ್ಲಿಗೆ ಕಳುಹಿಸುತ್ತೇವೆ ಎಂದಿದ್ದರು. ದೇಜಪ್ಪ ಗುರುಗಳ ಚರಿತ್ರೆಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಂದು ಅವರ ಮುಂದೆ ಓದಿದ. ಅದರಲ್ಲಿ ಬಾಲ್ಯದ ಭಕ್ತಿ ಇತ್ತು, ಗುರುಸೇವೆ ಇತ್ತು, ಮಂದಿರ ಕಟ್ಟಿದ ಸಂಗತಿ ಇತ್ತು. ಆ ಹತ್ತು ವರ್ಷ ಮಾತ್ರ ಇರಲಿಲ್ಲ.

ಗುರುಗಳು ಪೂರ್ತಿ ಕೇಳಿ, "ನಡುವೆ ಒಂದೆರಡು ಹಾಳೆ ಎಲ್ಲೋ ಬಿದ್ದುಹೋದ ಹಾಗಿದೆಯಲ್ಲ" ಎಂದರು. ಅದಕ್ಕೆ ದೇಜಪ್ಪ ಆ ಪ್ರಶ್ನೆ ಕೇಳಿದ್ದು. ಕೇಳಿದವನು ತಾನೇ ಮುಂದುವರಿದು, "ಪೇಟೆಯ ಜನ, ಗುರುಗಳೇ. ಮೊದಲೇ ಅದು ಕಿವಿಗೆ ಬಿದ್ದರೆ ಎದ್ದು ಹೋದಾರು. ಆಮೇಲೆ ಇಲ್ಲಿಗೆ ಯಾರು ಬರುತ್ತಾರೆ?" ಎಂದ.

"ಕೂತುಕೋ" ಎಂದರು ಗುರುಗಳು. ಹಡಗಿನಲ್ಲಿ ದುಡಿದು ಬಂದವನೊಬ್ಬ ತಮಗೆ ಹೇಳಿದ ಕತೆಯೆಂದು ಇದನ್ನು ಹೇಳಿದರು.

ಬಡಗು ದಿಕ್ಕಿನ ಒಂದು ದೇಶದಲ್ಲಿ, ತಣ್ಣನೆಯ ಕಡಲ ಬದಿಯಲ್ಲಿ ನಲವತ್ತು ದೋಣಿಯವರು ಇದ್ದರು. ಅವರು ಹಿಡಿಯುತ್ತಿದ್ದ ಮೀನು ಯಾರೂ ಸಾಕಿದ್ದಲ್ಲ. ತಾನಾಗಿ ಹುಟ್ಟಿ, ತಾನಾಗಿ ಮೇವು ಹುಡುಕಿ, ತಾನಾಗಿ ಬೆಳೆದದ್ದು. ಒಂದು ವರ್ಷ ಅವರ ಮೀನನ್ನು ಕೊಳ್ಳುತ್ತಿದ್ದ ಪೇಟೆಗಳು ಕೈಬಿಟ್ಟವು. ಹೊಸ ಪೇಟೆ ಸಿಗದಿದ್ದರೆ ಮರುವರ್ಷ ದೋಣಿ ನೀರಿಗೆ ಇಳಿಯುವ ಹಾಗಿರಲಿಲ್ಲ. ದಕ್ಷಿಣ ಅಮೆರಿಕದಲ್ಲಿ ಮೀನು ತಿನ್ನುವ ಜನ ಬಹಳ ಎಂದು ಅವರು ಕೇಳಿದ್ದರು. ಅಲ್ಲಿಯ ಭಾಷೆ ಬಲ್ಲ ಒಬ್ಬ ವ್ಯಾಪಾರಿಯನ್ನು ಕರೆದು, "ನಮ್ಮ ಮೀನನ್ನು ಅವರಿಗೆ ಪರಿಚಯ ಮಾಡಿಸಿಕೊಡು" ಎಂದರು. ಅವನು ಒಪ್ಪಿಕೊಂಡು ಒಂದಿಷ್ಟು ಮೀನನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ಹೊರಟ.

ವ್ಯಾಪಾರಿ ಅಲ್ಲಿಯ ಒಂದು ದೊಡ್ಡ ಪೇಟೆಗೆ ಹೋಗಿ ನೋಡಿದ. ಆ ಪೇಟೆಯಲ್ಲಿ ಮಾರುತ್ತಿದ್ದದ್ದು ಸಾಕಿದ ಮೀನು. ನೀರಿನೊಳಗೆ ಬಲೆಯ ಪಂಜರ ಕಟ್ಟಿ, ಹೊತ್ತಿಗೆ ಸರಿಯಾಗಿ ತೀನಿ ಹಾಕಿ ಬೆಳೆಸಿದ್ದು. ಒಂದರ ಹಾಗೆಯೇ ಇನ್ನೊಂದು. ಒಂದೇ ಉದ್ದ, ಒಂದೇ ತೂಕ, ಒಂದೇ ಬಣ್ಣ. ಜನರ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು.

ವ್ಯಾಪಾರಿ ಯೋಚನೆ ಮಾಡಿದ. ತಾನು ತಂದದ್ದು ರುಚಿಯಲ್ಲಿ ಮೇಲು. ಆದರೆ ನೋಟಕ್ಕೆ ಒಂದರ ಹಾಗೆ ಒಂದಿಲ್ಲ. ಅವನು ಇದ್ದದ್ದರಲ್ಲೆಲ್ಲ ಹುಡುಕಿ, ಒಂದೇ ಅಳತೆಯ, ಮೈಮೇಲೆ ಗೀರಿಲ್ಲದ ನೂರು ಮೀನು ಆರಿಸಿದ. ಉಳಿದವನ್ನು ಮರೆಗೆ ಸರಿಸಿದ. ಆರಿಸಿದ ನೂರನ್ನು ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿ, 'ಕಡಲಲ್ಲಿ ತಾನಾಗಿ ಬೆಳೆದ ಮೀನು' ಎಂದು ಹಲಗೆ ಬರೆಸಿದ. ಅಡುಗೆಯವನೊಬ್ಬನನ್ನು ಕೂರಿಸಿ, ಕಾವಲಿಯ ಮೇಲೆ ತುಂಡು ಹುರಿಸಿ, ದಾರಿಹೋಕರಿಗೆಲ್ಲ ರುಚಿ ನೋಡಲು ಕೊಟ್ಟ. ತಿಂದವರು ತಲೆದೂಗಿದರು.

ಆ ಪೇಟೆಯಲ್ಲಿ ಮೀನು ಮಾರುವ ಒಬ್ಬ ಹೆಂಗಸು ಇದ್ದಳು. ಅವಳು ಯಾವುದನ್ನು ಕೊಂಡರೆ ಉಳಿದ ಅಂಗಡಿಯವರೂ ಅದನ್ನೇ ಕೊಳ್ಳುವರು. ಅವಳು ಬಂದು ಒಂದು ತುಂಡು ತಿಂದಳು. ಸಾಲದೆ ಇನ್ನೊಂದು ಕೇಳಿ ತಿಂದಳು.

"ಇಂಥದ್ದೇ ಕೊಡುತ್ತೀಯೋ?" ಎಂದಳು.

"ಇದೇ ಮೀನು, ತಾಯಿ."

"ಹಾಗಾದರೆ ಒಂದು ಹಡಗು ತರಿಸು. ಪೇಟೆಗೆಲ್ಲ ನಾನು ಹೇಳುತ್ತೇನೆ."

ಹಡಗು ಬಂತು. ಅದರ ಜೊತೆಗೆ ಆ ನಲವತ್ತು ದೋಣಿಯವರಲ್ಲಿ ಒಬ್ಬ ಮುದಿ ಮೀನುಗಾರನೂ ಬಂದಿದ್ದ. ತಾವು ಹಿಡಿದ ಮೀನು ಎಂಥವರ ಮನೆಗೆ ಹೋಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡುವ ಆಸೆ ಅವನಿಗೆ.

ಹೆಂಗಸಿನ ಎದುರಿಗೆ ಪೆಟ್ಟಿಗೆ ಒಡೆದರು. ಒಂದು ಮೀನು ಮೊಳ ಉದ್ದ, ಇನ್ನೊಂದು ಗೇಣು. ಒಂದರ ಮಾಂಸ ಕೆಂಪು, ಒಂದರದು ಬಿಳಿಚಿಕೊಂಡದ್ದು. ಒಂದರ ಬೆನ್ನ ಮೇಲೆ ಬಲೆ ಉಜ್ಜಿದ ಗೀರು. ಒಂದರ ಪಕ್ಕೆಯಲ್ಲಿ ಹಲ್ಲಿನ ಗುರುತು.

ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡಲು ಬಂದಾಗ ತಂಗಿಯನ್ನು ತೋರಿಸಿ, ಮಂಟಪದಲ್ಲಿ ಅಕ್ಕನನ್ನು ಕೂರಿಸಿದ ಹಾಗಾಯಿತಲ್ಲ ನಿನ್ನ ವ್ಯಾಪಾರ" ಎಂದಳು.

"ಎರಡೂ ಒಂದೇ ಕಡಲಿನದು, ತಾಯಿ. ರುಚಿಯೂ ಒಂದೇ."

"ಇರಬಹುದು. ಹಾಗಿದ್ದ ಮೇಲೆ ಅಂದು ಇದನ್ನೇ ಯಾಕೆ ತೋರಿಸಲಿಲ್ಲ?"

ವ್ಯಾಪಾರಿ ಆ ಪೆಟ್ಟಿಗೆಯನ್ನು ಮರೆಗೆ ಸರಿಸಿದ. ಅವಳು ತನ್ನ ಅಂಗಡಿಗೆ ಹೋಗಿ ಕೂತಳು. ಅವಳನ್ನು ನೋಡಿ ಉಳಿದವರೂ ಹೋಗಿ ಕೂತರು.

ವ್ಯಾಪಾರಿ ಸೋಲೊಪ್ಪಲಿಲ್ಲ. ಹಡಗಿನ ಮೀನಿನಲ್ಲಿಯೂ ಹುಡುಕಿ ಒಂದೇ ಅಳತೆಯ ನೂರು ಆರಿಸಿ ಮತ್ತೆ ಸಾಲಾಗಿ ಮಲಗಿಸಿದ. ಮತ್ತೆ ಕಾವಲಿ ಇಡಿಸಿದ. ಹುರಿದ ತುಂಡನ್ನು ಹಿಡಿದು ದಾರಿಯಲ್ಲಿ ನಿಂತ. ಯಾರೂ ಕೈ ಚಾಚಲಿಲ್ಲ. ಮೊದಲ ದಿನ ತಿಂದು ತಲೆದೂಗಿದವರೇ ಆಚೆ ಬದಿಯಿಂದ ಹೋದರು. ಮೀನು ಹಳಸಿರಲಿಲ್ಲ. ಮಾತು ಹಳಸಿತ್ತು.

ಮಂಜುಗಡ್ಡೆ ಕರಗುತ್ತಿತ್ತು. ಮುದಿ ಮೀನುಗಾರನಿಗೆ ಊರಿನ ನಲವತ್ತು ಮನೆ ನೆನಪಾದವು. ಅವನಿಗೆ ಮಾರುವ ವಿದ್ಯೆ ತಿಳಿಯದು, ಅಲ್ಲಿಯ ಭಾಷೆಯೂ ಬಾರದು. ಅವನು ಮರೆಯಲ್ಲಿದ್ದ ಪೆಟ್ಟಿಗೆಯನ್ನು ಎಳೆದುಕೊಂಡು ಬಂದ. ಹಲ್ಲಿನ ಗುರುತಿದ್ದ ಮೀನನ್ನೇ ತೆಗೆದು, ಎಲ್ಲಕ್ಕಿಂತ ಮುಂದೆ ಇಟ್ಟು, ಅದರ ಪಕ್ಕದಲ್ಲಿ ಕೂತ.

"ಅಜ್ಜ, ಅದನ್ನು ಮುಂದೆ ಇಟ್ಟರೆ ಬರುವವರೂ ಬರುವುದಿಲ್ಲ" ಎಂದ ವ್ಯಾಪಾರಿ.

"ಈಗ ಯಾರು ಬರುತ್ತಿದ್ದಾರೆ?" ಎಂದ ಮುದುಕ.

ಎದುರಿನ ಅಂಗಡಿಯಿಂದ ಹೆಂಗಸು ಇದನ್ನು ನೋಡಿದಳು. ಕೂತಲ್ಲಿ ಕೂತಿರಲಾಗದೆ ಎದ್ದು ಬಂದಳು. "ಇದೇನು, ಯಾರೋ ಕಚ್ಚಿ ಬಿಟ್ಟದ್ದನ್ನೂ ಮಾರಲು ಇಟ್ಟಿದ್ದೀರಾ?" ಎಂದಳು.

ವ್ಯಾಪಾರಿ ಅದನ್ನು ಮುದುಕನಿಗೆ ಅವನ ಭಾಷೆಯಲ್ಲಿ ತಿಳಿಸಿದ. ಮುದುಕ, "ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಅವಳಿಗೆ ಹೇಳು. ನಿನ್ನದು ಒಂದಕ್ಷರವೂ ಸೇರಕೂಡದು" ಎಂದ. ಬೇರೆ ದಾರಿಯಿಲ್ಲದೆ ವ್ಯಾಪಾರಿ ಅವನಿಗೆ ಬಾಯಿಯಾದ.

"ನಮ್ಮ ಕಡಲಲ್ಲಿ ಸೀಲ್ ಎಂಬ ಪ್ರಾಣಿ ಇದೆಯಮ್ಮ, ಮೀನು ತಿಂದು ಬದುಕುವಂಥದ್ದು. ಇದನ್ನೂ ತಿನ್ನಲು ನೋಡಿತು, ಆಗಲಿಲ್ಲ. ಅದರ ಬಾಯಿಂದ ತಪ್ಪಿಸಿಕೊಂಡು, ಗಾಯ ಮಾಯುವವರೆಗೆ ಬದುಕಿ, ಆಮೇಲೆ ನನ್ನ ಬಲೆಗೆ ಬಿತ್ತು. ಮುಟ್ಟಿ ನೋಡು. ಮೇಲೆ ಚರ್ಮ ಬಂದಿದೆ."

ಹೆಂಗಸು ಮುಟ್ಟಿ ನೋಡಿದಳು. ಕಿವಿರು ಎತ್ತಿಯೂ ನೋಡಿದಳು. "ಈ ಬಿಳಿಚಿಕೊಂಡದ್ದು?"

"ಅದು ಬಹಳ ದೂರ ಈಜಿದ್ದು. ದಾರಿಯಲ್ಲಿ ಮೇವು ಸಿಕ್ಕಿಲ್ಲ. ಕೊಬ್ಬು ಕಡಿಮೆ. ಹುರಿದರೆ ಒಣಗಿಹೋಗುತ್ತದೆ, ಸಾರಿಗೆ ಹಾಕಬೇಕು."

"ಈ ಗೇಣುದ್ದದ್ದು?"

"ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ."

ಹೆಂಗಸು ವ್ಯಾಪಾರಿಯ ಕಡೆ ತಿರುಗಿದಳು. "ಅಂದು ಸುಳ್ಳು ಹೇಳಿದ ಬಾಯಿಯೇ ಇಂದು ನಿಜ ಹೇಳುತ್ತಿದೆಯಲ್ಲ. ಬಾಯಿಗೆ ನೋವಾಗುತ್ತಿಲ್ಲವೇ?" ಎಂದಳು. ವ್ಯಾಪಾರಿ ಇದನ್ನು ಮಾತ್ರ ಮುದುಕನಿಗೆ ತಿಳಿಸಲಿಲ್ಲ.

ಅವಳು ಹಲ್ಲಿನ ಗುರುತಿದ್ದ ಮೀನನ್ನು ಎತ್ತಿಕೊಂಡು ಹೋಗಿ ತನ್ನ ಅಂಗಡಿಯ ಮುಂದೆ ತೂಗುಹಾಕಿದಳು. ಕಂಡವರೆಲ್ಲ ಇದೇನು ಎಂದು ಕೇಳಿದರು. ಕೇಳಿದವರಿಗೆಲ್ಲ ಅವಳು ಹೇಳಿದಳು. ಸಾರು ಮಾಡುವವರು ಬಿಳಿಚಿದ್ದನ್ನು ಕೊಂಡರು. ಚಿಕ್ಕ ಸಂಸಾರದವರು ಗೇಣುದ್ದದ್ದನ್ನು ಕೊಂಡರು. ಉಳಿದ ಅಂಗಡಿಯವರೂ ಬಂದು ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು. ಸಂಜೆಯ ಹೊತ್ತಿಗೆ ಹಡಗು ಬರಿದಾಯಿತು. ಮರುವರ್ಷ ನಲವತ್ತು ದೋಣಿಗಳೂ ನೀರಿಗೆ ಇಳಿದವು.

ಆ ದಿನ ಮಾರಾಟವಾಗದೆ ಉಳಿದದ್ದು ವ್ಯಾಪಾರಿ ಆರಿಸಿ ಮಲಗಿಸಿದ್ದ ಆ ನೂರು ಮೀನು ಮಾತ್ರ. ಕೊನೆಗೆ ಬಂದ ಒಬ್ಬ ಗಿರಾಕಿಗೆ ಅವನು ಅದನ್ನು ತೋರಿಸಿದ. ಗಿರಾಕಿ ಒಂದನ್ನು ಎತ್ತಿ ಎರಡೂ ಮಗ್ಗುಲು ತಿರುಗಿಸಿ ನೋಡಿ ಕೆಳಗಿಟ್ಟ.

"ಬೇಡಪ್ಪ. ಇದು ಪಂಜರದ್ದು. ಕಡಲಿನದಾಗಿದ್ದರೆ ಇದರ ಮೈಮೇಲೆ ಏನಾದರೂ ಇರುತ್ತಿತ್ತು" ಎಂದು ಹೇಳಿ ಹೋದ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

ದೇಜಪ್ಪ ತನ್ನ ನೋಟ್ ಪುಸ್ತಕದ ಹಾಳೆಗಳನ್ನು ತಿರುವಿ ನೋಡಿದ. ಆಮೇಲೆ, "ಕತೆ ಸರಿ, ಗುರುಗಳೇ. ಆದರೆ ಮೀನಿನ ಮಾತು ಬೇರೆ, ನಿಮ್ಮ ಹೆಸರಿನ ಮಾತು ಬೇರೆ. ನಿಮ್ಮನ್ನು ನಾಲ್ಕು ಜನ ಹಗುರವಾಗಿ ನೋಡಿದರೆ ನನಗೆ ತಡೆಯುವುದಿಲ್ಲ" ಎಂದ.

ಗುರುಗಳು ಅವನ ಮುಖ ನೋಡಿದರು.

"ಏಳು ವರ್ಷದ ಹಿಂದೆ ನಿನ್ನ ಅಕ್ಕ ನಿನಗೆ ಯಾವ ಮೀನು ತೋರಿಸಿ ಇಲ್ಲಿಗೆ ಕಳುಹಿಸಿದಳು, ದೇಜಪ್ಪ?"