ಒಂದೇ ಬಾಯಿಯ ತೆಪ್ಪ

ಭರಮನಿಗೆ ಗುರುವಿನ ಮೇಲೆ ಸಿಟ್ಟು ನೆತ್ತಿಗೇರಿತ್ತು.

ಗುರು ದುಗ್ಗಜ್ಜ ಬೇಟೆಗಾರರಿಗೆ ತೊಗಲಿನ ತೆಪ್ಪ ಕಟ್ಟಿಕೊಡುವವನು. ಆಡಿನ ತೊಗಲುಗಳನ್ನು ಚೀಲದಂತೆ ಹೊಲಿದು, ಗಾಳಿ ಊದಿ, ಬಿದಿರಿಗೆ ಸಾಲಾಗಿ ಬಿಗಿದರೆ ತೆಪ್ಪ. ಬೇಟೆಗಾರರು ತೊಗಲುಗಳನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ಕಾಡಿಗೆ ಹೋಗುತ್ತಾರೆ. ಬರುವಾಗ ಊದಿ ಕಟ್ಟಿ, ಹೊಡೆದ ಮಿಗವನ್ನು ಹೇರಿಕೊಂಡು ಹೊಳೆಯಲ್ಲಿ ತೇಲಿ ಬರುತ್ತಾರೆ.

ಅಜ್ಜನ ತೆಪ್ಪದಲ್ಲಿ ಪ್ರತಿ ತೊಗಲಿಗೂ ಅದರದೇ ಬಾಯಿ. ಒಂದೊಂದನ್ನೂ ಊದಿ ಕಟ್ಟುವಷ್ಟರಲ್ಲಿ ಬೇಟೆಗಾರರಿಗೆ ಸಾಕುಸಾಕಾಗುತ್ತಿತ್ತು.

ಭರಮ ತೊಗಲಿನಿಂದ ತೊಗಲಿಗೆ ಕೊಳವೆ ಹೊಲಿದು ಎಲ್ಲಕ್ಕೂ ಸೇರಿ ಒಂದೇ ಬಾಯಿ ಇಟ್ಟ. ಗಾಳಿ ಊದುವ ತಿದಿ ಹಚ್ಚಿ ಒತ್ತಿದರೆ, ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ತೆಪ್ಪ ತಯಾರು. ಬೇಟೆಗಾರರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ನಾಳೆ ಇದನ್ನೇ ಒಯ್ಯುತ್ತೇವೆ ಎಂದರು. ಹೊರಡಲಿದ್ದವರಲ್ಲಿ ಭರಮನ ತಮ್ಮ ಈರನೂ ಇದ್ದ.

ದುಗ್ಗಜ್ಜ ಮಾತ್ರ ಹೊಗಳದೆ, ಕೊಳವೆಗಳನ್ನು ಮುಟ್ಟಿ ಮುಟ್ಟಿ ನೋಡಿದ.

"ಊರೆಲ್ಲ ಭೇಷ್ ಅಂತಿದೆ. ನಿನಗೇನಜ್ಜ, ಹೊಟ್ಟೆಕಿಚ್ಚಾ?" ಎಂದ ಭರಮ.

"ಮಿಗ ಎಲ್ಲಿಡ್ತಾರೆ?"

"ತೆಪ್ಪದ ನಡುವೆ."

"ಕೊಂಬು?"

"ಅದೂ ಮಿಗದ ತಲೆ ಮೇಲೇ ಇರುತ್ತೆ. ಕೊಂಬು ಕಡಿದು ಬಿಸಾಡಿ ಬಂದರೆ ಊರಲ್ಲಿ ಯಾರು ಅವರನ್ನ ಗಂಡಸು ಅಂತಾರೆ?"

ಅಜ್ಜ ಎದ್ದು ಹೋಗಿ, ಬೇಟೆಗಾರನೊಬ್ಬನ ಮನೆ ಬಾಗಿಲಲ್ಲಿ ತೂಗುಹಾಕಿದ್ದ ಕಡವೆಯ ತಲೆಬುರುಡೆಯನ್ನು ಕೊಂಬಿನ ಸಮೇತ ತಂದ. ತೆಪ್ಪವನ್ನು ಹೊಳೆಗಿಳಿಸಿ, ಅದರ ನಡುವೆ ಇಟ್ಟ.

"ಹತ್ತು," ಎಂದ.

ಭರಮ ಹಲ್ಲು ಕಡಿಯುತ್ತಲೇ ಹತ್ತಿದ. ತೆಪ್ಪ ಹಂಸದ ಹಾಗೆ ತೇಲಿತು. ಅವನ ಎದೆಯುಬ್ಬಿತು, ಸುಳ್ಳೇಕೆ.

ಅಜ್ಜ ತಾನೂ ಹತ್ತಿ, ಬಿದಿರಿನ ಗಳು ಊರಿ ಸೆಳವಿನತ್ತ ತಿರುಗಿಸಿದ.

"ಆ ಕಡೆ ಬೇಡಜ್ಜ, ಅಲ್ಲಿ ಬಂಡೆ!"

ಅಜ್ಜ ಆ ಕಡೆಗೇ ನೂಕಿದ. ತೆಪ್ಪ ಎಗರಿ ಬಿತ್ತು. ಬುರುಡೆ ಮಗುಚಿ, ಕೊಂಬಿನ ಒಂದು ತುದಿ ಒಂದು ತೊಗಲಿಗೆ ಇಳಿಯಿತು.

ಅಜ್ಜನ ತೆಪ್ಪವಾಗಿದ್ದರೆ ಆ ಒಂದು ತೊಗಲು ಜೋಲುತ್ತಿತ್ತು, ಅಷ್ಟೇ. ಇಲ್ಲಿ ಆ ಒಂದು ತೂತಿನಿಂದ ಅಷ್ಟೂ ತೊಗಲುಗಳ ಗಾಳಿ ಹೋಯಿತು. ಕೂಗುವಷ್ಟರಲ್ಲಿ ಇಬ್ಬರೂ ನೀರಿನಲ್ಲಿದ್ದರು.

ಕೈಕಾಲು ಬಡಿದು, ಹೊಟ್ಟೆ ತುಂಬ ನೀರು ಕುಡಿದು, ಹೇಗೋ ದಡ ಹತ್ತಿದರು. ತೆಪ್ಪ ಮಡುವಿನ ಪಾಲಾಯಿತು.

ಭರಮ ಉರಿದುಬಿದ್ದ. "ಬೇಕಂತಲೇ ಮುಳುಗಿಸಿದೆ! ನನ್ನ ಅನ್ನಕ್ಕೆ ಕಲ್ಲು ಹಾಕಿದೆ! ನಾಳೆ ಅವರಿಗೆ ಏನಂತ ಮುಖ ತೋರಿಸಲಿ? ಗುರುವಂತೆ ಗುರು! ಹಾಳು ಮುದುಕ!"

ದುಗ್ಗಜ್ಜ ಕೆಮ್ಮಿ ನೀರು ಉಗುಳಿದ. ಅವನ ಕಣ್ಣೂ ಕೆಂಡವಾಗಿತ್ತು.

"ಬೈಯೋ, ಮನಸಾರೆ ಬೈಯೋ," ಎಂದ. "ನೀನು ದಡ ಸೇರಿದೀಯ. ನಿನ್ನ ಬೈಯೋಕೆ ಈರ ದಡ ಸೇರ್ತಿದ್ನಾ?"