ನೀಲವ್ವನ ಮೊಬೈಲಿನ ಕೆಂಪು ಬಾವುಟ

ಹೋಳಿಗೆ ಮಾಡಿ ಮನೆಮನೆಗೆ ಕೊಡುವ ನೀಲವ್ವನ ಮೊಬೈಲಿನೊಳಗೆ ಮರೆಯಬಾರದೆಂದು ಬರೆದಿಟ್ಟ ಚೀಟಿಗಳದೇ ಒಂದು ಓಣಿ ಇತ್ತಂತೆ. ಮುಖ್ಯವಾದ ಚೀಟಿಗೆ ಕೆಂಪು ಬಾವುಟ ಹಚ್ಚಬಹುದೆಂದು ತಿಳಿದದ್ದೇ ತಡ, ಆಕೆ ಒಂದನ್ನೂ ಬಿಡದೆ ಎಲ್ಲಕ್ಕೂ ಹಚ್ಚಿಬಿಟ್ಟಳು. ಬಾವುಟ ಬೀಗಿದ್ದೇ ಬೀಗಿದ್ದು.

ಒಂದು ಚೀಟಿಗೆ ಮಾತ್ರ ಎದೆ ಡವಡವ. ಅದರಲ್ಲಿ ಬರೆದದ್ದು ಇಷ್ಟೇ: ‘ಕಲ್ಲಪ್ಪನ ಮಗಳಿಗೆ ಶೇಂಗಾ ಆಗಿಬರುವುದಿಲ್ಲ, ತಿಂದರೆ ಉಸಿರು ಕಟ್ಟುತ್ತದೆ.’ ಇವತ್ತು ಕಲ್ಲಪ್ಪನ ಮನೆಗೇ ಹೋಳಿಗೆ ಹೋಗಬೇಕು, ನೀಲವ್ವ ನೋಡಿದರೆ ಶೇಂಗಾ ಹುರಿದು ಕುಟ್ಟುತ್ತಿದ್ದಾಳೆ!

“ಬಾವುಟಣ್ಣಾ, ಉಳಿದವರ ತಲೆಯಿಂದ ಇಳಿ,” ಎಂದಿತು ಚೀಟಿ.

“ಯಾಕೆ? ನಾನಿದ್ದ ಮೇಲೆ ಆಕೆ ನೋಡಿಯೇ ನೋಡುತ್ತಾಳೆ.”

ನೀಲವ್ವ ಮೊಬೈಲು ತೆರೆದಳು. ಆ ಕೆಂಪು ರಾಶಿಯ ಮೇಲೆ ಬೆರಳು ಸರ್ರನೆ ಜಾರಿಹೋಯಿತು. ಬಾವುಟದ ಮುಖ ಸಪ್ಪಗಾಯಿತು. ಒಂದೊಂದೇ ತಲೆಯಿಂದ ದಡದಡ ಇಳಿಯತೊಡಗಿತು.

“ನಾನೇನು ಕಡಿಮೆ?” ಎಂದು ‘ಕಸಬರಿಗೆ ತರಬೇಕು’ ಎಂಬ ಚೀಟಿ ಸಿಡುಕಿತು.

“ಕಸಬರಿಗೆ ನಾಳೆ ತಂದರೆ ಯಾರ ಜೀವವೂ ಹೋಗುವುದಿಲ್ಲ, ತಾಯಿ,” ಎಂದಿತು ಬಾವುಟ.

ನೀಲವ್ವ ಮತ್ತೆ ತೆರೆದಾಗ ಇಡೀ ಓಣಿಗೆ ಒಂದೇ ಬಾವುಟ. “ಇದೇನಿದು?” ಎಂದು ಓದಿದಳು. “ಅಯ್ಯೋ ನನ್ನವ್ವಾ!” ಶೇಂಗಾ ಎತ್ತಿ ಆಚೆ ಇಟ್ಟಳು, ಕೈ ತಿಕ್ಕಿ ತೊಳೆದಳು, ಒಲೆಯ ಮೇಲೆ ಬೇರೆ ಹಂಚು ಇಟ್ಟು ಕಡಲೆಬೇಳೆಯ ಹೂರಣ ತುಂಬಿ ಹೋಳಿಗೆ ಬೇಯಿಸಿ ಕಳಿಸಿದಳು.

ಸಂಜೆ ಕಲ್ಲಪ್ಪನ ಫೋನು ಬಂತು. “ನೀಲವ್ವಾ, ಹುಡುಗಿ ಎರಡು ತಿಂದು ಇನ್ನೊಂದು ಬೇಕು ಅಂತ ಕುಂತಾಳ!”

ಅದನ್ನು ಕೇಳಿದ ಮೇಲೆಯೇ ಚೀಟಿ ಉಸಿರು ಬಿಟ್ಟದ್ದು.