ಚಂದ್ರನ ನಕ್ಷೆಯಲ್ಲಿ ಒಂದು ತೂತು

"ಬುದ್ಧೀ, ನಾನು ಕಣ್ಣಾರೆ ಕಂಡದ್ದನ್ನು ಇನ್ನೊಬ್ಬ ಹಾಗಿಲ್ಲ ಎಂದರೆ ಅವನು ಸುಳ್ಳನಲ್ಲದೆ ಮತ್ತೇನು?" ಎಂದು ಶಿಷ್ಯ ರೇವಣ ಗುರುಗಳನ್ನು ಕೇಳಿದ.

ಅವನ ಕಂಕುಳಲ್ಲಿ ಸುತ್ತಿದ ಚಾಪೆಯಿತ್ತು. ಮಠದ ಒಂದೇ ಕೋಣೆಯಲ್ಲಿ ಅವನೂ ಗುರುಪಾದನೆಂಬ ಇನ್ನೊಬ್ಬ ಶಿಷ್ಯನೂ ಮಲಗುತ್ತಿದ್ದರು. ಉಗ್ರಾಣ ನೋಡಿಕೊಳ್ಳುವ ಕೊಟ್ಟೂರಯ್ಯನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು. ದಿನಾ ಸಂಜೆ ಅಕ್ಕಿ ಈಸಿಕೊಳ್ಳಲು ಹೋಗುವ ರೇವಣನ ಪಾಲಿಗೆ ಕೊಟ್ಟೂರಯ್ಯ ಮಹಾ ಸಿಡುಕ. ಗುರುಪಾದ ಮಾತ್ರ ಆತನಂಥ ತಾಯಿಗರುಳು ಇನ್ನೊಂದಿಲ್ಲ ಎನ್ನುತ್ತಿದ್ದ. ಸುಳ್ಳನ ಪಕ್ಕ ಮಲಗಲಾರೆ, ಬೇರೆ ಕೋಣೆ ಕೊಡಿ ಎಂದು ಕೇಳಲು ರೇವಣ ಬಂದಿದ್ದ.

"ಚಾಪೆ ಕೆಳಗಿಡು, ಕಂಕುಳು ನೋಯುತ್ತದೆ" ಎಂದು ಗುರುಗಳು ಕತೆ ಹೇಳತೊಡಗಿದರು.

ವಿಕ್ಟೋರಿಯಾ ರಾಣಿಯ ಕಾಲ. ಇಂಗ್ಲೆಂಡಿನ ಒಂದು ಊರಿನಲ್ಲಿ ಒಬ್ಬ ಮೇಣದಬತ್ತಿ ವ್ಯಾಪಾರಿಯಿದ್ದ. ಅವನಿಗೆ ಚಂದ್ರನ ಹುಚ್ಚು. ಸಂಜೆ ಅಂಗಡಿ ಮುಚ್ಚಿದ್ದೇ ತಡ, ಹಿತ್ತಲಲ್ಲಿ ದುರ್ಬೀನು ನಿಲ್ಲಿಸಿ ಕಣ್ಣಿಟ್ಟುಬಿಡುತ್ತಿದ್ದ. ಚಂದ್ರನ ಗುಡ್ಡ ಯಾವುದು, ಕುಳಿ ಯಾವುದು, ಬಯಲು ಯಾವುದು ಎಂದು ನೋಡಿ ನೋಡಿ ಬರೆದುಕೊಳ್ಳುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ, ಯಾರೂ ಕೂಲಿ ಕೊಡುವ ಕೆಲಸವೂ ಅಲ್ಲ. ಬೆಳಿಗ್ಗೆ ಮಾತ್ರ ಹೊತ್ತೇರುವ ತನಕ ಅವನನ್ನು ಎಬ್ಬಿಸುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ಹುಚ್ಚರಿಗೆ ಹುಚ್ಚರು ಬೇಗ ಸಿಗುತ್ತಾರೆ. ಪಕ್ಕದ ಹಳ್ಳಿಯ ಪಾದ್ರಿಗೂ ಅದೇ ಹುಚ್ಚು. ಅವನಿಗೆ ಸಂಜೆ ಪುರುಸೊತ್ತಿಲ್ಲ. ಪ್ರಾರ್ಥನೆ ಮುಗಿಸಿ, ಕಾಯಿಲೆಯವರನ್ನು ಮಾತಾಡಿಸಿ ಬಂದು ಮಲಗಿದನೆಂದರೆ ಕೋಳಿ ಕೂಗುವ ಮೊದಲೇ ಏಳುವವನು. ಎದ್ದು ದುರ್ಬೀನಿನ ಮುಂದೆ ಕೂರುವವನು.

ಇಬ್ಬರೂ ಸೇರಿ ಚಂದ್ರನ ಒಂದು ದೊಡ್ಡ ನಕ್ಷೆ ಬರೆಯಲು ಹೊರಟರು. ಹಾಳೆ ಒಂದೇ. ಅದು ಕೆಲವು ದಿನ ವ್ಯಾಪಾರಿಯ ಮನೆಯಲ್ಲಿ, ಕೆಲವು ದಿನ ಪಾದ್ರಿಯ ಮನೆಯಲ್ಲಿ ಇರುತ್ತಿತ್ತು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ತುಂಬುತ್ತಿದ್ದ. ಅದು ಮುಗಿದು ರಾಜಧಾನಿಯ ವಿದ್ವಾಂಸರ ಸಭೆಯ ಗೋಡೆಯ ಮೇಲೆ ತೂಗಬೇಕು, ಕೆಳಗೆ ಇಬ್ಬರ ಹೆಸರೂ ಒಟ್ಟಿಗಿರಬೇಕು. ವ್ಯಾಪಾರಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಎಲೆ ಹಣ್ಣಾಗುವ ವಯಸ್ಸಿಗೆ ನಕ್ಷೆಯೂ ಮುಗಿಯುತ್ತ ಬಂತು.

ಆಗ ಒಂದು ಗೆರೆಗೆ ಗಾಡಿ ಸಿಕ್ಕಿಕೊಂಡಿತು. ಒಂದು ಬಯಲಿನ ನಡುವೆ ವ್ಯಾಪಾರಿ ನೇರವಾದ ಕಪ್ಪು ಗೆರೆ ಎಳೆದು ಕಳಿಸಿದ್ದ. ಪಾದ್ರಿ ಅದನ್ನು ಅಳಿಸಿ ಬಿಳಿ ಬಣ್ಣ ಹಚ್ಚಿದ. ವ್ಯಾಪಾರಿ ಬಿಳಿಯನ್ನು ಕೆರೆದು ಕಪ್ಪು ಮಾಡಿದ. ಪಾದ್ರಿ ಕಪ್ಪನ್ನು ಕೆರೆದು ಬಿಳಿ ಮಾಡಿದ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲೇ ಇಬ್ಬರೂ ನಿಂತರು.

"ಅದು ಕಪ್ಪು ಗೆರೆ, ಪಾದ್ರಿಗಳೇ. ಅಲ್ಲಿ ನೆಲ ಬಿರಿದಿದೆ. ನಾನೇನು ಒಂದು ಸಲ ನೋಡಿದವನೇ?"

"ಬಿಳಿ ಗೆರೆ, ಸಾಹುಕಾರರೇ. ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ದೇವರ ಬಾಗಿಲಲ್ಲಿ ನಿಂತು ನಾನು ಸುಳ್ಳು ಹೇಳಲೇ?"

ಇನ್ನೆರಡು ಸಲ ಕೆರೆಯುವಷ್ಟರಲ್ಲಿ ಹಾಳೆಯೇ ಅಲ್ಲಿ ತೂತಾಯಿತು. ತೂತಾದ ನಕ್ಷೆ ತನ್ನ ಮನೆಗೆ ಬಂದ ದಿನ ವ್ಯಾಪಾರಿ ಅದನ್ನು ಸುತ್ತಿ ಅಟ್ಟಕ್ಕೆ ಎಸೆದ. ಚರ್ಚಿಗೆ ಮೇಣದಬತ್ತಿ ಕಳಿಸುವುದನ್ನೂ ನಿಲ್ಲಿಸಿದ. ಪಾದ್ರಿ ಬೇರೆ ಊರಿನಿಂದ ತರಿಸಿದ. ಅವು ಹೊಗೆ ಕಾರುತ್ತವಂತೆ ಎಂದು ಕೇಳಿ ವ್ಯಾಪಾರಿಗೆ ಬಹಳ ಸಂತೋಷವಾಯಿತು.

ಹೀಗೆ ವರ್ಷಗಳು ಕಳೆದವು. ಸಂತೋಷವೇನೋ ಬೇಗ ಮುಗಿಯಿತು, ಹಟ ಮುಗಿಯಲಿಲ್ಲ. ಒಂದು ದಿನ ಅಂಗಡಿಗೆ ಬಂದವನೊಬ್ಬ, "ನಿಮ್ಮ ಕಣ್ಣಿಗೆ ಮೇಣದ ಹೊಗೆ ಹಿಡಿದಿದೆ ಎಂದು ಪಾದ್ರಿಗಳು ಹೇಳುತ್ತಿದ್ದರು" ಎಂದು ಬತ್ತಿ ಇಟ್ಟು ಹೋದ. ಆ ಮಾತಿಗೆ ವ್ಯಾಪಾರಿಯ ನಿದ್ದೆ ಹಾರಿಹೋಯಿತು. ಹೊರಳಿ ಹೊರಳಿ ಸಾಕಾಗಿ ಬೆಳಗಿನ ಜಾವಕ್ಕೆ ಎದ್ದು ಕೂತ. ಕಿಟಕಿಯಲ್ಲಿ ಅರ್ಧ ಚಂದ್ರ. ಈ ಕಣ್ಣು ಸರಿಯಿದೆಯೋ ಇಲ್ಲವೋ ಈಗಲೇ ನೋಡಿಬಿಡುತ್ತೇನೆ ಎಂದು ಮೇಣದಬತ್ತಿ ಹಿಡಿದು ಹಿತ್ತಲಿಗಿಳಿದ. ಆ ಹೊತ್ತಿನ ಚಂದ್ರನನ್ನು ಅವನು ದುರ್ಬೀನಿನಲ್ಲಿ ನೋಡಿದ್ದು ಅದೇ ಮೊದಲು.

ಗೆರೆ ಬೆಳ್ಳಗಿತ್ತು.

ಅವನು ಗಾಜು ಒರೆಸಿದ. ಕಣ್ಣು ಒರೆಸಿದ. ಗೆರೆ ಬೆಳ್ಳಗೇ ಇತ್ತು. ಒಳಗೆ ಹೋಗಲು ಹಿಂದೆ ತಿರುಗಿದಾಗ ಬಾಗಿಲ ಮುಂದಿನ ಮೆಟ್ಟಿಲು ಕಂಡಿತು. ಮೇಣದಬತ್ತಿಯನ್ನು ಮೆಟ್ಟಿಲಿನ ಮುಂದೆ ನೆಲದ ಮೇಲೆ ಇಟ್ಟಿದ್ದ. ಮೆಟ್ಟಿಲಿನ ಮುಖ ಬೆಳಗುತ್ತಿತ್ತು. ಏನೋ ಹೊಳೆದಂತಾಗಿ ಬತ್ತಿಯನ್ನು ಎತ್ತಿ ಮೆಟ್ಟಿಲಿನ ಮೇಲೆ, ಒಳಕ್ಕೆ ಸರಿಸಿಟ್ಟ. ಅದೇ ಮುಖ ಕಪ್ಪಾಯಿತು. ಚಂದ್ರನ ಮೇಲಿರುವುದು ಬಿರುಕೂ ಅಲ್ಲ, ಗೋಡೆಯೂ ಅಲ್ಲ, ನೆಲ ಮೆಟ್ಟಿಲಿನಂತೆ ಕುಸಿದ ಒಂದು ದಿಬ್ಬ. ಬೆಳೆಯುವ ಚಂದ್ರನಿಗೆ ಬಿಸಿಲು ಒಂದು ಕಡೆಯಿಂದ ಬೀಳುತ್ತದೆ, ಕರಗುವ ಚಂದ್ರನಿಗೆ ಇನ್ನೊಂದು ಕಡೆಯಿಂದ. ಸಂಜೆ ಸಿಗುವವನು ಬೆಳೆಯುವ ಚಂದ್ರ, ಜಾವಕ್ಕೆ ಸಿಗುವವನು ಕರಗುವ ಚಂದ್ರ. ಜೀವಮಾನವೆಲ್ಲ ಬೆಳಕು ಮಾರಿದವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಗೆಳೆಯನನ್ನು ನೆನೆದು ಅಳುವೂ ಬಂತು.

ಬೆಳಗಾಗುತ್ತಲೇ ನಕ್ಷೆಯನ್ನು ಅಟ್ಟದಿಂದ ಇಳಿಸಿ, ಒಂದು ಪೆಟ್ಟಿಗೆ ಮೇಣದಬತ್ತಿ ಹೊತ್ತು ಪಕ್ಕದ ಹಳ್ಳಿಗೆ ನಡೆದ. ಪಾದ್ರಿ ಕುರ್ಚಿಯಲ್ಲಿ ಕೂತಿದ್ದ. ಬಂದವರು ಯಾರು ಎಂದು ಕೇಳಿದ. ಅವನ ಎರಡೂ ಕಣ್ಣಿಗೆ ಪೊರೆ ಬಂದು ಆಗಲೇ ಎರಡು ಚಳಿಗಾಲ ಕಳೆದಿದ್ದವು. ಮಾತು ಬಿಟ್ಟವನಿಗೆ ಅದನ್ನು ಯಾರು ಹೇಳಬೇಕು?

"ಪಾದ್ರಿಗಳೇ, ಗೆರೆ ಬಿಳಿಯೇ" ಎಂದ ವ್ಯಾಪಾರಿ.

ಪಾದ್ರಿ ದನಿಯ ಗುರುತು ಹಿಡಿದ. "ಹಾಗಾದರೆ ಜಾವಕ್ಕೆ ಎದ್ದಿರಿ" ಎಂದು ನಕ್ಕ. "ಒಂದು ಸಂಜೆ ನಿಮ್ಮ ಹಿತ್ತಲಿಗೆ ಬಂದು ನೋಡೋಣ ಎಂದು ನನಗೂ ಎಷ್ಟೋ ಸಲ ಅನ್ನಿಸಿತ್ತು, ಸಾಹುಕಾರರೇ. ನಾನೇ ಯಾಕೆ ಹೋಗಬೇಕು ಎಂದು ಕೂತೆ. ಈಗ ಬಂದರೂ ಕಾಣದು. ಕಪ್ಪಗಿದ್ದಾಗ ಹೇಗಿರುತ್ತದೆ, ನೀವೇ ಹೇಳಿ."

ವ್ಯಾಪಾರಿ ನಕ್ಷೆ ಬಿಚ್ಚಿ, ಗೆಳೆಯನ ಬೆರಳು ಹಿಡಿದು ಆ ತೂತಿನ ಅಂಚಿನ ಮೇಲೆ ಇಟ್ಟ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ರೇವಣ ಮುಂದೆ ಇನ್ನೂ ಇದೆ ಎಂದು ಕಾದ. ಆಮೇಲೆ ಚಾಪೆಗೆ ಕೈ ಹಾಕಿ, "ಹಾಗಾದರೆ ನನ್ನ ಕೋಣೆಯ ವಿಷಯ, ಬುದ್ಧೀ?" ಎಂದ.

"ಕೊಡೋಣ. ಗುರುಪಾದ ಉಗ್ರಾಣಕ್ಕೆ ಹೋಗುವುದು ಎಷ್ಟು ಹೊತ್ತಿಗೆ, ಹೇಳು."

ರೇವಣ ಚಾಪೆಯಿಂದ ಕೈ ತೆಗೆದ. ಅವನಿಗೆ ಗೊತ್ತಿರಲಿಲ್ಲ.